ಮಗುವಿನ ಪಾಲನ್ನು ಅರ್ಪಿಸುವವರು ಯಾರು?

ಮಂಗಳೂರಿನ ಹಳೇ ಬಂದರದಲ್ಲಿ ದೋಣಿ ಹತ್ತಿ ಫಲ್ಗುಣಿ ಹೊಳೆಯನ್ನು ದಾಟಿದರೆ ಬೆಂಗ್ರೆ ಸಿಕ್ಕುವದು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಪಡುವಣ ಕಡಲು, ನಡುವೆ ಉದ್ದಕ್ಕೆ ಚಾಚಿಕೊಂಡ ಹೊಯಿಗೆಯ ನೆಲ. ಅದರ ತೆಂಕಣ ತುದಿಯಲ್ಲಿ ನೇತ್ರಾವತಿಯೂ ಫಲ್ಗುಣಿಯೂ ಕೂಡಿ ಕಡಲಿಗೆ ಸೇರುವ ಅಳಿವೆ ಇರುವದು. ಈಗ ದೊಡ್ಡ ಹಡಗುಗಳು ಪಣಂಬೂರಿನ ಹೊಸ ಬಂದರಕ್ಕೆ ಹೋಗುತ್ತವೆ. ಆದರೆ ಆ ಬಂದರವು 1970ರ ದಶಕದ್ದು. ಪೂರ್ವದಲ್ಲಿ ಹಡಗುಗಳು ಕಡಲಲ್ಲಿಯೇ ಲಂಗರು ಹಾಕಿ ನಿಲ್ಲುತ್ತಿದ್ದವು. ಇಳಿಯುವವರೂ ಹತ್ತುವವರೂ ದೋಣಿಯಲ್ಲಿ ಕೂತು, ಬೆಂಗ್ರೆಯ ಪಕ್ಕದಲ್ಲೇ ಆ ಅಳಿವೆಯನ್ನು ದಾಟಬೇಕಾಗಿತ್ತು. 1907ರಲ್ಲಿ ರೈಲುದಾರಿ ಬರುವ ತನಕ ನಮ್ಮ ಊರಿಗೆ ದೂರದೇಶದ ಬಾಗಲು ಎಂದರೆ ಇದೇ.

ಈ ಬಾಗಲಿನಿಂದ ಒಳಗೆ ಬಂದದ್ದರ ಲೆಕ್ಕವನ್ನು ನಾವು ಚೆನ್ನಾಗಿ ಬಲ್ಲೆವು. 1834ನೇ ಇಸವಿ ಅಕ್ಟೋಬರ್ 30ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದರು. ಆಮೇಲೆ 1841ರಲ್ಲಿ ಅಚ್ಚುಕೂಟ, 1843ರಲ್ಲಿ ಮೇಗ್ಲಿಂಗ್ ಅಯ್ಯನವರ ಮಂಗಳೂರ ಸಮಾಚಾರ, 1865ರಲ್ಲಿ ಹಂಚಿನ ಕಾರ್ಖಾನೆ, 1894ರಲ್ಲಿ ಕಿಟ್ಟೆಲ್ ಅಯ್ಯನವರ ನಿಘಂಟು. ಮಿಶನಿನ ಹಬ್ಬಗಳಲ್ಲಿ ಇವನ್ನು ಚಿಕ್ಕ ಮಕ್ಕಳೂ ಬಾಯಿಪಾಠವಾಗಿ ಹೇಳುವರು. ಆದರೆ ಅದೇ ಬಾಗಲಿನಿಂದ ಹೊರಗೆ ಹೋದದ್ದರ ಲೆಕ್ಕವೂ ಒಂದುಂಟು. ಅದನ್ನು ಯಾರೂ ಹಬ್ಬದಲ್ಲಿ ಓದುವದಿಲ್ಲ. ಮಿಶನೆರಿಗಳ ಮಕ್ಕಳು ಶಾಲೆಗೆ ಹೋಗುವ ಪ್ರಾಯಕ್ಕೆ ಬಂದಾಗ, ಎಂದರೆ ಆರು ವರುಷದ ಹೊತ್ತಿಗೆ, ತಾಯಿತಂದೆಗಳನ್ನು ಬಿಟ್ಟು ಯೂರೋಪಿಗೆ ಕಳುಹಿಸಲ್ಪಡುತ್ತಿದ್ದರು. ಹಾಗೆ ಹೋದ ಮಕ್ಕಳಿಗಾಗಿ 1850ರ ದಶಕದಲ್ಲಿ ಬಾಸೆಲ್ ಪಟ್ಟಣದಲ್ಲಿ ಮಕ್ಕಳ ಮನೆಯೊಂದು ಏರ್ಪಟ್ಟಿತು. ತಾಯಿ ಇಲ್ಲಿ, ಮಗು ಅಲ್ಲಿ. 1869ರಲ್ಲಿ ಸೂಯೆಜ್ ಕಾಲುವೆ ತೆರೆಯುವ ಮೊದಲು ಒಂದು ಕಾಗದ ಹೋಗಿ ಅದಕ್ಕೆ ಉತ್ತರ ಬರುವದಕ್ಕೆ ತಿಂಗಳುಗಳೇ ಹಿಡಿಯುತ್ತಿದ್ದವು. ಮಗುವಿಗೆ ಜ್ವರ ಎಂಬ ಸುದ್ದಿ ತಾಯಿಗೆ ಮುಟ್ಟುವಾಗ ಮಗು ಗುಣವಾಗಿ ಆಡುತ್ತಿತ್ತೋ, ಮಣ್ಣಿಗೆ ಸೇರಿತ್ತೋ, ಆಕೆಗೆ ತಿಳಿಯುವ ಉಪಾಯವಿರಲಿಲ್ಲ.

ಇದರಲ್ಲಿ ಧರ್ಮದ ಪ್ರಶ್ನೆಯೊಂದು ಅಡಗಿರುವದು. ಒಬ್ಬನು ತನ್ನ ಸುಖ, ತನ್ನ ಊರು, ತನ್ನ ಪ್ರಾಣವನ್ನು ದೇವರಿಗೆ ಅರ್ಪಿಸುವದು ಮೆಚ್ಚತಕ್ಕದ್ದೆಂದು ಎಲ್ಲರೂ ಒಪ್ಪುವರು. ಆದರೆ ಅವನು ಅರ್ಪಿಸಿದ್ದರಲ್ಲಿ ಮಗುವಿನ ಬಾಲ್ಯವೂ ಸೇರಿದ್ದರೆ, ಅದು ಅವನದ್ದೋ? ಕೊಡುವ ಅಧಿಕಾರ ಅವನಿಗುಂಟೋ?

ಮೊದಲು ಆ ಮನೆಗಳ ದಿನಚರಿಯನ್ನು ನೋಡೋಣ. ಮಿಶನೆರಿಯು ಈ ದೇಶಕ್ಕೆ ಬಂದು ಕನಿಷ್ಠ ಎರಡು ವರುಷ ಕೆಲಸಮಾಡಿದ ಹೊರತು ಮದುವೆಗೆ ಅಪ್ಪಣೆ ಕೇಳುವ ಹಾಗಿರಲಿಲ್ಲ. ಕೇಳಿದ ಮೇಲೆಯೂ ಹೆಣ್ಣು ಯಾರೆಂಬದನ್ನು ಬಾಸೆಲಿನ ಕಮಿಟಿಯು ವಿಚಾರಿಸಿ ಒಪ್ಪಬೇಕಾಗಿತ್ತು. ಹೀಗೆ ಎಷ್ಟೋ ಹೆಣ್ಣುಮಕ್ಕಳು ಚೆನ್ನಾಗಿ ಪರಿಚಯವಿಲ್ಲದ, ಕೆಲವು ಸಾರಿ ಮುಖವನ್ನೇ ಕಾಣದ ವರನನ್ನು ನಂಬಿ ಹಡಗು ಹತ್ತಿದರು. (ಹೆಣ್ಣು ನೋಡುವ ಶಾಸ್ತ್ರವು ನಮ್ಮಲ್ಲಿ ಮಾತ್ರ ಇದೆಯೆಂದು ನಗುವವರು ಇದನ್ನು ನೆನಪಿನಲ್ಲಿಡಲಿ.) ಬಂದ ಮೇಲೆ ಗಂಡನು ಮಳೆಗಾಲ ತೀರಿದೊಡನೆ ಜಾತ್ರೆಗಳಿಗೂ ಹಳ್ಳಿಗಳಿಗೂ ಸಾರುವದಕ್ಕೆ ಹೊರಟರೆ ವಾರಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಅಮ್ಮನವರು ಬೆಳಗಿನ ಪ್ರಾರ್ಥನೆ ನಡಿಸಿ, ಹೆಣ್ಣುಮಕ್ಕಳಿಗೆ ಓದು, ಹೊಲಿಗೆ, ಹೆಣಿಗೆ ಕಲಿಸಿ, ಬಾಗಲಿಗೆ ಬಂದ ರೋಗಿಗಳಿಗೆ ಮದ್ದು ಕೊಟ್ಟು, ಲೆಕ್ಕ ಬರೆದು, ತಮ್ಮ ಕೂಸನ್ನು ಆಯಾಳ ಕೈಯಲ್ಲಿ ಬಿಟ್ಟು ಬಾಣಂತಿಯರ ಮನೆಗೆ ಹೋಗುವರು. ವರದಿಗಳಲ್ಲಿ ಗಂಡನ ಹೆಸರು ಕಾಣುವದು. ಆಕೆಯದು ಅನೇಕ ಸಾರಿ ಕಾಣುವದಿಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಮೇಗ್ಲಿಂಗ್ ಅಯ್ಯನವರು ಬಲ್ಮಠದ ಗುಡ್ಡದ ಮೇಲೆ ಈ ದೇಶದ ಹುಡುಗರನ್ನು ತಮ್ಮೊಂದಿಗೇ ಇಟ್ಟುಕೊಂಡು ಬೆಳಸಿದರು. ಮುಲ್ಕಿಯಲ್ಲಿ ದಿಕ್ಕಿಲ್ಲದ ಹೆಣ್ಣುಮಕ್ಕಳಿಗೆ ಮನೆಯಾಯಿತು. ನಮ್ಮ ಅಜ್ಜ ಮುತ್ತಜ್ಜಂದಿರಲ್ಲಿ ಅನೇಕರು ಇಂಥ ಮನೆಗಳಲ್ಲಿ ಉಂಡು ಬೆಳೆದವರು. ಎಂದರೆ ನಮ್ಮ ಮಕ್ಕಳ ತಲೆ ಬಾಚಿದ ಕೈಗಳಿಗೆ ಸ್ವಂತ ಮಗುವಿನ ತಲೆ ಬಾಚುವ ಭಾಗ್ಯವಿರಲಿಲ್ಲ. ಈ ಮಾತನ್ನು ಯಾರ ಮೇಲೆಯೂ ತಪ್ಪು ಹೊರಿಸುವದಕ್ಕಾಗಿ ಬರೆಯುತ್ತಿಲ್ಲ. ಆ ಮಕ್ಕಳ ಪಾಲನ್ನು ಉಂಡವರಲ್ಲಿ ನಾವೂ ಸೇರಿದ್ದೇವೆ. ಆದಕಾರಣ ಈ ಪ್ರಶ್ನೆಯನ್ನು ಕೇಳುವ ಬಾಧ್ಯತೆ ನಮಗೆ ಹೆಚ್ಚು.

ಗುಂಡರ್ಟ್ ಅಯ್ಯನವರ ಮಗಳಾದ ಮರಿಯಳ ಜೀವಮಾನವನ್ನು ದೃಷ್ಟಾಂತಕ್ಕೆ ತೆಗೆದುಕೊಳ್ಳೋಣ. ಆಕೆ 1842ರಲ್ಲಿ ತಲಚೇರಿಯಲ್ಲಿ ಹುಟ್ಟಿದಳು. ತಾಯಿತಂದೆಗಳು ಯೂರೋಪಿಗೆ ಹೋಗಿ ಮರಳುವಾಗ ಚಿಕ್ಕವಳಾದ ಆಕೆಯನ್ನು ಅಲ್ಲಿಯೇ ಬಿಟ್ಟುಬಂದರು. 1857ರಲ್ಲಿ ಆಕೆ ತಿರಿಗಿ ಅವರನ್ನು ಸೇರುವಾಗ ಹದಿನೈದು ವರುಷದವಳು. ತಂದೆಯು ಆ ಕಾಲದಲ್ಲಿ ಮಲಬಾರು, ಕನ್ನಡ ಜಿಲ್ಲೆಗಳ ಶಾಲೆಗಳ ಇನ್ಸ್‌ಪೆಕ್ಟರರಾಗಿ ಊರಿಂದೂರಿಗೆ ತಿರುಗುತ್ತಿದ್ದರು. 1859ರಲ್ಲಿ ದೇಹಸ್ಥಿತಿ ಕೆಟ್ಟು ಈ ದೇಶವನ್ನೇ ಬಿಟ್ಟರು. ಸುಮಾರು ಹತ್ತು ವರುಷದ ಅಗಲಿಕೆಗೆ ಈ ಸೀಮೆಯಲ್ಲಿ ದೊರಕಿದ ಕೂಡುವಿಕೆ ಅಷ್ಟೇ. ಅನಂತರ ಆಕೆ ಮಿಶನೆರಿಯನ್ನೇ ಮದುವೆಯಾಗಿ, ವಿಧವೆಯಾಗಿ, 1874ರಲ್ಲಿ ಯೋಹಾನ್ನೆಸ್ ಹೆಸ್ಸೆಯವರನ್ನು ಮದುವೆಯಾದಳು; ಅವರೂ ಮಂಗಳೂರಿನಲ್ಲಿ ಸೇವೆ ಮಾಡಿ ದೇಹಾಲಸ್ಯದಿಂದ ಹಿಂದಿರುಗಿದವರು. ಇವರ ಮಗನೇ 1946ರಲ್ಲಿ ನೊಬೆಲ್ ಬಹುಮಾನ ಹೊಂದಿದ ಗ್ರಂಥಕರ್ತ ಹೆರ್ಮನ್ ಹೆಸ್ಸೆ. ಈ ಹುಡುಗನು ಮನೆಯಲ್ಲಿ ಹತೋಟಿಗೆ ಬಾರದಿದ್ದಾಗ, 1884ರಲ್ಲಿ, ತಾಯಿತಂದೆಗಳು ಅದೇ ಬಾಸೆಲ್ ಪಟ್ಟಣದಲ್ಲಿ ವಾಸವಾಗಿದ್ದರೂ, ಅವನನ್ನು ಕೆಲವು ತಿಂಗಳು ಮಿಶನಿನ ಹುಡುಗರ ಮನೆಯಲ್ಲಿ ಬಿಟ್ಟರು. ತಾನೇ ಬಿಡಲ್ಪಟ್ಟ ಮಗುವಾಗಿದ್ದವಳು ತನ್ನ ಮಗನನ್ನು ಹಾಗೆಯೇ ಬಿಟ್ಟಳು. ಒಮ್ಮೆ ರೂಢಿಯಾದದ್ದು ಹೇಗೆ ಮನೆಯ ಧರ್ಮವಾಗುವದೆಂದು ಇದರಿಂದ ತಿಳಿಯಬಹುದು.

ಮಕ್ಕಳನ್ನು ಕಳುಹಿಸುವದಕ್ಕೆ ಮೂರು ಕಾರಣಗಳನ್ನು ಕೊಡುತ್ತಿದ್ದರು. ಇಲ್ಲಿನ ಹವೆಯು ಮೊದಲನೆಯದು. ಅದು ಸುಳ್ಳಲ್ಲ. ಜ್ವರ, ಬೇಧಿ, ಸಿಡುಬುಗಳಿಂದ ಎಳೆಯ ಮಕ್ಕಳು ಸಾಯುತ್ತಿದ್ದರು; ಚಳಿಜ್ವರವು ಸೊಳ್ಳೆಯಿಂದ ಹರಡುವದೆಂದು ರಾಸ್ ಎಂಬ ವೈದ್ಯರು ಕಂಡುಹಿಡಿದದ್ದೇ 1897ರಲ್ಲಿ. ಎರಡನೆಯದು ಶಾಲೆ, ಅವರ ಭಾಷೆಯ ಶಾಲೆ ಇಲ್ಲಿರಲಿಲ್ಲ. ಇದನ್ನೂ ಒಪ್ಪೋಣ. ಮೂರನೆಯದರಲ್ಲಿ ಸ್ವಲ್ಪ ನಿಲ್ಲಬೇಕು. ಮಕ್ಕಳು ಆಯಾಗಳ ಮಡಿಲಲ್ಲಿ, ಸೇವಕರ ನಡುವೆ, ಈ ದೇಶದವರ ನಡೆನುಡಿ ಕಲಿತು ಅವರಂತೆಯೇ ಆಗಿಬಿಡುವರೆಂಬ ಹೆದರಿಕೆ. ಕ್ರಿಸ್ತನಲ್ಲಿ ಯೆಹೂದ್ಯನು, ಗ್ರೀಕನು ಎಂಬ ಭೇದವಿಲ್ಲವೆಂದು ಗಲಾತ್ಯದವರಿಗೆ ಬರೆದ ಪತ್ರಿಕೆಯಿಂದ ನಮಗೆ ಕಲಿಸಿದವರೇ, ತಮ್ಮ ಮಗು ನಮ್ಮ ಹಾಗೆ ಆದೀತೆಂದು ಭಯಪಟ್ಟರು. ಹವೆಗೆ ಹೆದರಿ ಮಗುವನ್ನು ಕಳುಹಿಸಿದ್ದು ಪ್ರೀತಿ. ನೆರೆಯವರಿಗೆ ಹೆದರಿ ಕಳುಹಿಸಿದ್ದರ ಭಾರವನ್ನು ಕರ್ತನ ಮೇಲೆ ಹಾಕುವದು ನ್ಯಾಯವಲ್ಲ. ಅದನ್ನು ಆತನು ಕೇಳಿರಲಿಲ್ಲ. ಕರೆ ದೇವರದು, ಕಾಯಿದೆ ಕಮಿಟಿಯದು. ಇವೆರಡನ್ನೂ ಕಲಸಿ ಒಂದೇ ಹೆಸರಿನಿಂದ ಕರೆದದ್ದರಿಂದ, ಅಳುವ ತಾಯಿಗೆ ತನ್ನ ಅಳುವೇ ಅಪನಂಬಿಕೆಯಾಗಿ ಕಂಡಿತು.

ಮತ್ತಾಯನ ಹತ್ತನೇ ಅಧ್ಯಾಯದಲ್ಲಿ ಕರ್ತನು ಮಗನನ್ನಾಗಲಿ ಮಗಳನ್ನಾಗಲಿ ತನಗಿಂತ ಹೆಚ್ಚಾಗಿ ಪ್ರೀತಿಸುವವನ ವಿಷಯದಲ್ಲಿ ಕಠಿಣವಾದ ಮಾತು ಹೇಳಿದ್ದಾನಲ್ಲವೇ ಎಂದು ಕೆಲವರು ಕೇಳಬಹುದು. ಹೇಳಿದ್ದಾನೆ. ಆದರೆ ಅದೇ ಕರ್ತನು ಮಾರ್ಕನ ಏಳನೇ ಅಧ್ಯಾಯದಲ್ಲಿ ಕೊರ್ಬಾನಿನ ಮಾತೆತ್ತಿ, ತಾಯಿತಂದೆಗಳಿಗೆ ಸಲ್ಲತಕ್ಕದ್ದನ್ನು ದೇವರಿಗೆ ಮುಡುಪಾಗಿದೆ ಎಂದು ಹೇಳಿ ತಪ್ಪಿಸಿಕೊಳ್ಳುವವರನ್ನು ಗದರಿಸಿದನು. ಮಗನು ಹಾಗೆ ಹೇಳಿ ತಂದೆಯಿಂದ ತಪ್ಪಿಸಿಕೊಳ್ಳಬಾರದಾದರೆ, ತಂದೆಯು ಹಾಗೆ ಹೇಳಿ ಮಗನಿಂದ ತಪ್ಪಿಸಿಕೊಳ್ಳಬಹುದೋ? ಅಬ್ರಹಾಮನ ಕಥೆಯನ್ನು ಮುಂದೆ ತರುವವರು ಅದನ್ನು ಅರ್ಧಕ್ಕೆ ನಿಲ್ಲಿಸಬಾರದು. ಎತ್ತಿದ ಕೈಯನ್ನು ದೇವರೇ ತಡೆದನು. ಇಸಾಕನು ತಂದೆಯೊಂದಿಗೆ ಬೆಟ್ಟದಿಂದ ಇಳಿದನು. ಹನ್ನಳು ಸಮುವೇಲನನ್ನು ಶಿಲೋವಿನಲ್ಲಿ ಬಿಟ್ಟಳು, ನಿಜ. ಆದರೂ ವರುಷ ವರುಷವೂ ಚಿಕ್ಕ ಅಂಗಿಯೊಂದನ್ನು ಹೊಲಿದು ತಾನೇ ಕೊಂಡುಹೋಗುತ್ತಿದ್ದಳು. ಮಗನು ಎಷ್ಟು ಬೆಳೆದನೆಂದು ಆಕೆ ಕಣ್ಣಾರೆ ಕಾಣುತ್ತಿದ್ದಳು. ಬಾಸೆಲಿನ ಕಾಯಿದೆಯಲ್ಲಿ ಆ ಅಂಗಿಗೆ ಸ್ಥಳವಿರಲಿಲ್ಲ.

ನನ್ನ ಅಭಿಪ್ರಾಯವೇನೆಂದರೆ, ತಾಯಿತಂದೆಗಳು ಮಗುವಿನ ಪಾಲಿಗೆ ಮನೆವಾರ್ತೆಯವರೇ ಹೊರತು ಒಡೆಯರಲ್ಲ. ಮನೆವಾರ್ತೆಯವನು ಒಡೆಯನ ಹಣವನ್ನು ಒಳ್ಳೇ ಕೆಲಸಕ್ಕೆ ಖರ್ಚುಮಾಡಿದರೂ ಲೆಕ್ಕ ಕೊಡಬೇಕು. ತನ್ನ ದಾನವೆಂದು ಹೇಳಿಕೊಳ್ಳಬಾರದು. ಮಕ್ಕಳು ಮುಂದೆ ಒಳ್ಳೆಯವರಾಗಿ ಬಾಳಿದರಲ್ಲಾ, ಮರಿಯಳು ಮಿಶನಿಗೇ ತಿರಿಗಿ ಬಂದಳಲ್ಲಾ ಎಂಬ ಉತ್ತರವು ಸಾಲದು. ಯೋಸೇಫನು ಐಗುಪ್ತದಲ್ಲಿ ದೊಡ್ಡವನಾದನೆಂದು ಅವನನ್ನು ಮಾರಿದವರ ಕೆಲಸವು ಒಳ್ಳೇದಾಗಲಿಲ್ಲ.

ಮೊದಲನೆಯ ಮಹಾಯುದ್ಧದಲ್ಲಿ ಈ ಸಂಗತಿ ವಿಪರೀತವಾಗಿ ತಿರುಗಿತು. ಸರಕಾರವು ಜರ್ಮನ್ ಮಿಶನೆರಿಗಳಲ್ಲಿ ಅನೇಕರನ್ನು ಅಹ್ಮದ್‌ನಗರದ ಶಿಬಿರದಲ್ಲಿ ಇಟ್ಟು, 1915-16ರಲ್ಲಿ ಗೊಲ್ಕೊಂಡ ಎಂಬ ಹಡಗಿನಲ್ಲಿ ಹೆಂಗಸರು ಮಕ್ಕಳ ಸಹಿತ ಯೂರೋಪಿಗೆ ಕಳುಹಿಸಿತು. ಕೆಲಸ ಹೋಯಿತು, ಕಾರ್ಖಾನೆಗಳು ಹೋದವು, ಇಲ್ಲಿನ ಸಭೆಗಳು ಅತ್ತವು. ಅಲ್ಲಿ ಬಾಸೆಲಿನಲ್ಲಿದ್ದ ಮಕ್ಕಳಿಗಾದರೋ ತಾಯಿತಂದೆಗಳು ಮರಳಿ ಸಿಕ್ಕುವ ದಾರಿಯು ಆ ನಷ್ಟದಿಂದಲೇ ತೆರೆಯಿತು.

ಇವೆಲ್ಲಾ ಹಳೇ ಕಾಲದ ದೊರೆಗಳ ಮನೆಯ ಮಾತು, ನಮಗೇನು ಎನ್ನಬೇಡಿರಿ. ಬೆಂಗ್ರೆಯಲ್ಲಿ ವಾಸಿಸುವವರು ಹೆಚ್ಚಾಗಿ ಮೊಗವೀರರೂ ಬ್ಯಾರಿಗಳೂ, ನಮ್ಮ ಸಭೆಯವರಲ್ಲ. ಆದರೂ ಈ ವಿಷಯದಲ್ಲಿ ಅವರು ನಮಗಿಂತ ಹೆಚ್ಚು ಬಲ್ಲರು. ಆಳಕಡಲಿನ ಬೋಟು ಹತ್ತಿದ ತಂದೆ ಹತ್ತು ದಿನ ಕಳೆದು ಬರುವನು. ಜೂನ್ ಒಂದರಿಂದ ಜುಲೈ ಕಡೆಯ ತನಕ ಯಾಂತ್ರಿಕ ಬೋಟುಗಳಿಗೆ ನಿಷೇಧವಿರುವ 61 ದಿನಗಳಲ್ಲಿ ಮಾತ್ರ ಅಂಥ ಮನೆಯ ಮಕ್ಕಳಿಗೆ ದಿನಾಲೂ ತಂದೆಯ ಮುಖ ಕಾಣುವದು. ಗಲ್ಫ್ ದೇಶಕ್ಕೆ ಹೋದವನಿಗೆ ಅಷ್ಟೂ ಇಲ್ಲ. ಒಂದು ಸಾರಿ ದೋಣಿಯಲ್ಲಿ ಜೊತೆಗೆ ಕೂತಿದ್ದ ಹೆಂಗಸೊಬ್ಬಳ ಹತ್ತಿರ ಚಿಕ್ಕ ಹುಡುಗನಿದ್ದನು. “ಮಗನೋ ಅಕ್ಕಾ?” ಎಂದು ಕೇಳಿದೆನು. “ತಂಗಿಯ ಮಗ, ಮಾಸ್ಟ್ರೇ. ಅವಳೂ ಗಂಡನೂ ದುಬಾಯಿಯಲ್ಲಿದ್ದಾರೆ. ದಿನಾ ರಾತ್ರಿ ಫೋನು ಮಾಡುತ್ತಾರೆ. ಇವನು ಫೋನಿಗೆ ಬರುವದಿಲ್ಲ. ಕರೆದರೆ ಹಿತ್ತಲಿಗೆ ಓಡಿಹೋಗುತ್ತಾನೆ” ಎಂದಳು. ಮತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಣ ಬರುತ್ತದೆ, ಇಲ್ಲವೆಂದಲ್ಲ” ಎಂದಳು. ತಿಂಗಳುಗಟ್ಟಲೆ ಕಾಗದಕ್ಕೆ ಕಾಯುತ್ತಿದ್ದ ಕಾಲ ಹೋಗಿ ದಿನಕ್ಕೊಂದು ಸಾರಿ ಮುಖ ಕಾಣುವ ಕಾಲ ಬಂದರೂ ಆ ಹುಡುಗನು ಹಿತ್ತಲಿಗೆ ಓಡುತ್ತಾನೆ.

ನಮ್ಮ ಹಳ್ಳಿಯ ಸಭೆಗಳಲ್ಲಿಯೂ ಇದು ಬೇರೊಂದು ರೂಪದಲ್ಲಿ ನಡೆಯುತ್ತಲಿದೆ. ಘಟ್ಟದ ಬುಡದ ಸಣ್ಣ ಸಭೆಗೆ ಉಪದೇಶಿಯನ್ನೋ ಬೋಧಕರನ್ನೋ ಕರೆಯುವಾಗ ಹಿರಿಯರು ಮನೆಯ ಮಾಡು ಸೋರುವದೋ, ಬಾವಿಯಲ್ಲಿ ನೀರುಂಟೋ ಎಂದು ನೋಡುವರು. ಮಕ್ಕಳು ಎಲ್ಲಿ ಓದುವರು ಎಂಬ ಮಾತು ಬಂದರೆ “ದೇವರು ನೋಡಿಕೊಳ್ಳುವನು, ಪೇಟೆಯಲ್ಲಿ ಬೋರ್ಡಿಂಗ್ ಉಂಟಲ್ಲಾ” ಎಂದು ಮುಗಿಸಿಬಿಡುವರು. ಬೋರ್ಡಿಂಗ್ ಮನೆಗಳಿಂದ ನಮ್ಮ ಜನಕ್ಕೆ ಆದ ಉಪಕಾರವನ್ನು ನಾನು ಮರೆಯಲಾರೆನು. ಆದರೆ ಸೇವೆಗೆ ಒಪ್ಪಿದವನು ತಂದೆ. ಮಗುವನ್ನು ಯಾರೂ ಕೇಳಲಿಲ್ಲ. ಆರು ವರುಷದ ಮಗುವಿಗೆ ಏನು ತಿಳಿಯುವದು ಎನ್ನುವರು. ತನಗೆ ಏನು ಬೇಕೆಂಬದು ತಿಳಿಯದಿದ್ದರೂ ಯಾರು ಬೇಕೆಂಬದು ಅದಕ್ಕೆ ತಿಳಿಯುವದು. ಕೇಳಿದ ಮೇಲೆಯೂ ಕಳುಹಿಸಲೇಬೇಕಾದ ಸಂದರ್ಭಗಳುಂಟು. ಆಗ ಕಾರಣವನ್ನು ಮರೆಮಾಚದೆ ಹೇಳಿ, ಇಂಥ ದಿನ ಬರುವೆನೆಂದ ದಿನಕ್ಕೆ ತಪ್ಪದೆ ಹೋಗಬೇಕು.

ಇದರಲ್ಲಿ ಸಭೆಯವರಿಗೂ ಪಾಲುಂಟು. ಬೆಳೆಹಬ್ಬದ ದಿನ ತೆಂಗು, ಬಾಳೆಗೊನೆ, ಕೋಳಿಗಳ ಏಲಮಿನಿಂದ ಬಂದ ಹಣದಲ್ಲಿ ದೇವಾಲಯದ ಬಣ್ಣಕ್ಕೂ ಧ್ವನಿವರ್ಧಕಕ್ಕೂ ತೆಗೆದಿಡುವ ಹಾಗೆ, ಉಪದೇಶಿಯ ಮಗು ತಿಂಗಳಿಗೊಮ್ಮೆ ಶನಿವಾರ ಮನೆಗೆ ಬಂದು ಸೋಮವಾರ ಹಿಂದಿರುಗುವ ಬಸ್ಸಿನ ಖರ್ಚನ್ನು ತೆಗೆದಿಡಬಹುದು. ಆ ಆದಿತ್ಯವಾರ ಸಾಯಂಕಾಲದ ಕೂಟವನ್ನು ಹಿರಿಯರೇ ನಡಿಸಿ, ಉಪದೇಶಿಯನ್ನು ಅವನ ಮನೆಯಲ್ಲಿ ಬಿಟ್ಟುಬಿಡಲಿ.