ಅನ್ನವೂ ಹೊರಗಿನದೇ

ಒಂದು ತುತ್ತು ನುಂಗಿದೆವೆಂದರೆ ನಮ್ಮದಲ್ಲದ ಒಂದು ವಸ್ತುವನ್ನು ಒಳಗೆ ಬಿಟ್ಟುಕೊಂಡೆವು ಎಂದೇ ಅರ್ಥ. ಅಕ್ಕಿ, ಬೇಳೆ, ಮಜ್ಜಿಗೆಯೊಳಗಿನ ಬ್ಯಾಕ್ಟೀರಿಯಾ, ಎಲ್ಲವೂ ದೇಹದ ಮಟ್ಟಿಗೆ ಪರಕೀಯ. ಸಣ್ಣ ಮುಳ್ಳು ಚುಚ್ಚಿದರೂ ಕೆಂಪಗೆ ಬಾತುಕೊಳ್ಳುವ ಈ ಮೈ, ಹೊತ್ತುಹೊತ್ತಿಗೆ ಇಷ್ಟೊಂದು ಹೊರಗಿನದನ್ನು ತಕರಾರಿಲ್ಲದೆ ಹೇಗೆ ಸಹಿಸುತ್ತದೆ? ಕರುಳಿನ ಒಳಹೊದಿಕೆ ಒಂದೇ ಒಂದು ಕೋಶದಷ್ಟು ದಪ್ಪ. ಅದರ ಆಚೆ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು, ಈಚೆ ರೋಗನಿರೋಧಕ ಕೋಶಗಳ ದಂಡು. ಇಲ್ಲಿ ಹೋರಾಡುವುದಕ್ಕಿಂತ ಸುಮ್ಮನಿರುವುದೇ ಕಷ್ಟದ ಕೆಲಸ.

ಆ ಸಂಯಮ ತಪ್ಪಿದಾಗ ಬರುವ ಕಾಯಿಲೆಗಳು ಅಲ್ಸರೇಟಿವ್ ಕೊಲೈಟಿಸ್ ಮತ್ತು ಕ್ರೋನ್ಸ್. ವೈದ್ಯರ ಬಾಯಲ್ಲಿ ಐಬಿಡಿ. ಕೊಲೈಟಿಸ್ ಕೆರಳಿದ ದೊಡ್ಡ ಕರುಳನ್ನು ಕೊಲೊನೋಸ್ಕೋಪಿಯ ಪರದೆಯ ಮೇಲೆ ನೋಡಬೇಕು. ಆರೋಗ್ಯವಂತರಲ್ಲಿ ಕಾಣುವ ತಿಳಿಗುಲಾಬಿ ಹೊಳಪಿಲ್ಲ, ನವಿರಾದ ರಕ್ತನಾಳಗಳ ಜಾಲವಿಲ್ಲ. ಎಲ್ಲ ಕಡುಗೆಂಪು. ಕೊಳವೆ ತಾಗಿದರೆ ಸಾಕು, ರಕ್ತ ಜಿನುಗುತ್ತದೆ. ಇದು ಹೊರಗಿನ ವೈರಿ ಮಾಡಿದ ಗಾಯವಲ್ಲ. ಕಾಯಬೇಕಾದ ಕೋಶಗಳೇ ಮಾಡಿದ್ದು.

ಅವುಗಳಿಗೆ ಸುಮ್ಮನಿರಿ ಅಥವಾ ಏಳಿ ಎಂದು ಸೂಚಿಸುವವರಲ್ಲಿ ಕರುಳಿನ ಪೆಪ್ಟೈಡ್‌ಗಳೂ ಸೇರಿವೆ. ಅಮೈನೊ ಆಮ್ಲಗಳ ಪುಟ್ಟ ಸರಪಳಿಗಳು ಅವು. 1931ರಲ್ಲಿ ಲಂಡನ್ನಿನಲ್ಲಿ ಉಲ್ಫ್ ಫಾನ್ ಆಯ್ಲರ್ ಮತ್ತು ಜಾನ್ ಗ್ಯಾಡಮ್ ಕುದುರೆಯ ಕರುಳು ಮತ್ತು ಮಿದುಳಿನಿಂದ ಒಂದು ಸಾರ ತೆಗೆದರು. ಮೊಲದ ಕರುಳಿನ ತುಂಡಿಗೆ ಅದನ್ನು ಸೋಕಿಸಿದರೆ ಆ ತುಂಡು ಹಿಂಡಿಕೊಳ್ಳುತ್ತಿತ್ತು. ಅದೇ ‘ಸಬ್‌ಸ್ಟೆನ್ಸ್ ಪಿ’. ಹೊಟ್ಟೆಯಲ್ಲಿ ಇರುವುದೇ ತಲೆಯಲ್ಲೂ ಇದೆ ಎಂಬುದು ಆಗಲೇ ಕಂಡಿತ್ತು. ಅದರ ಅರ್ಥ ಹೊಳೆಯಲು ದಶಕಗಳು ಹಿಡಿದವು. 1970ರಲ್ಲಿ ಸಾಮಿ ಸಯೀದ್ ಮತ್ತು ವಿಕ್ಟರ್ ಮುಟ್ ಹಂದಿಯ ಸಣ್ಣ ಕರುಳಿನಿಂದ 28 ಅಮೈನೊ ಆಮ್ಲಗಳ ಇನ್ನೊಂದನ್ನು ಬೇರ್ಪಡಿಸಿದರು. ಅದರ ಹೆಸರು ವಿಐಪಿ. (ನಮ್ಮ ಸಭೆಗಳ ವಿಐಪಿಗಳಿಗಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.)

ಸಬ್‌ಸ್ಟೆನ್ಸ್ ಪಿ ಮಾಸ್ಟ್ ಕೋಶ, ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳನ್ನು ಕೆರಳಿಸಿ ಉರಿಯೂತ ಹೆಚ್ಚಿಸುತ್ತದೆ. ವಿಐಪಿ ಅದೇ ಮ್ಯಾಕ್ರೋಫೇಜ್ ಸುರಿಸುವ ಟಿಎನ್ಎಫ್ ಎಂಬ ಉರಿಯೂತದ ಸಂಕೇತವನ್ನು ತಗ್ಗಿಸುತ್ತದೆ. ಇಷ್ಟಕ್ಕೇ ನಿಲ್ಲಿಸಿದರೆ ಕತೆ ಸಲೀಸು: ಒಬ್ಬ ಕೆಟ್ಟವ, ಒಬ್ಬ ಒಳ್ಳೆಯವ. ನಮಗೆ ಹಾಗೆ ಹಂಚಿಡುವುದು ರೂಢಿ. ಕರುಳು ಆ ರೂಢಿಗೆ ಬಗ್ಗುವುದಿಲ್ಲ.

2020ರ ಸುಮಾರಿಗೆ ಇಲಿಗಳ ಮೇಲೆ ನಡೆದ ಎರಡು ಅಧ್ಯಯನಗಳು ಕೆಲವೇ ತಿಂಗಳ ಅಂತರದಲ್ಲಿ ಹೊರಬಂದವು. ಆಹಾರ ಸೇರಿದೊಡನೆ ಕರುಳಿನ ನರಗಳು ವಿಐಪಿ ಬಿಡುತ್ತವೆ, ಐಎಲ್‌ಸಿ3 ಎಂಬ ರೋಗನಿರೋಧಕ ಕೋಶಗಳು ಅದನ್ನು ಗ್ರಹಿಸುತ್ತವೆ ಎಂಬಲ್ಲಿ ಎರಡೂ ಒಂದೇ. ಕರುಳಗೋಡೆಯನ್ನು ಬಲಪಡಿಸುವ ಐಎಲ್-22 ಎಂಬ ಸಂಕೇತ ಇದರಿಂದ ಏರುತ್ತದೆ ಎಂದಿತು ಒಂದು. ಇಳಿಯುತ್ತದೆ, ಆದರೆ ಕೊಬ್ಬಿನ ಹೀರಿಕೆ ಸರಾಗವಾಗುತ್ತದೆ ಎಂದಿತು ಇನ್ನೊಂದು. ಎರಡೂ ಜವಾಬ್ದಾರಿಯ ಕೆಲಸಗಳೇ. ನನಗೆ ಈ ಭಿನ್ನಮತ ವಿಜ್ಞಾನದ ಸೋಲಾಗಿ ಕಾಣುವುದಿಲ್ಲ. ಅಣು ಒಂದೇ ಇರಬಹುದು. ಅದು ಯಾವ ಹೊತ್ತಿನಲ್ಲಿ, ಯಾವ ಸೂಕ್ಷ್ಮಜೀವಿಗಳ ನಡುವೆ, ಎಂಥ ಸ್ಥಿತಿಯಲ್ಲಿರುವ ಕೋಶವನ್ನು ತಲುಪಿತು ಎಂಬುದರ ಮೇಲೆ ಫಲ ಬದಲಾಗುವುದು ಸಹಜ. ಗುಣ ಅಣುವಿನಲ್ಲಿಲ್ಲ, ಸಂಬಂಧದಲ್ಲಿದೆ.

ಹಾಗಾದರೆ ‘ನಾನು’ ಎಂಬುದರ ಗಡಿ ಎಲ್ಲಿ? ರೋಗನಿರೋಧಕ ಶಕ್ತಿ ಎಂದೊಡನೆ ಕೋಟೆ, ಸೈನಿಕರು ನೆನಪಾಗುತ್ತಾರೆ. ಅದನ್ನು ‘ಹೆಚ್ಚಿಸುವ’ ಕಷಾಯ, ಪುಡಿಗಳ ವ್ಯಾಪಾರ ನಿಂತಿರುವುದೂ ಆ ಚಿತ್ರದ ಮೇಲೆಯೇ. ಐಬಿಡಿ ಇರುವವರಲ್ಲಿ ಆ ಶಕ್ತಿ ಕಡಿಮೆಯಾಗಿರುವುದಿಲ್ಲ. ಎಲ್ಲಿ ತಡೆಯಬೇಕೆಂಬ ವಿವೇಕ ಸಡಿಲಗೊಂಡಿರುತ್ತದೆ. ಪ್ರತಿ ಊಟದಲ್ಲೂ ಹೊಸದಾಗಿ ಆಗಬೇಕಾದ ತೀರ್ಮಾನ ಅದು. ನರ, ಕೋಶ, ಸೂಕ್ಷ್ಮಜೀವಿ ಎಲ್ಲಕ್ಕೂ ಅದರಲ್ಲಿ ಪಾಲಿದೆ.

ಈ ಕಾಯಿಲೆಯವರು ಬಸ್ಸು ಹತ್ತುವ ಮೊದಲು ಶೌಚಾಲಯ ಎಲ್ಲಿದೆ ಎಂದು ನೋಡಿಕೊಳ್ಳುತ್ತಾರೆ, ಮದುವೆಯೂಟಕ್ಕೆ ನೆಪ ಹೇಳಿ ತಪ್ಪಿಸಿಕೊಳ್ಳುತ್ತಾರೆ. ಮನೆಯವರದು ‘ಖಾರ ಜಾಸ್ತಿ ತಿಂದೆ’, ‘ಟೆನ್ಷನ್ ಮಾಡ್ಕೋಬೇಡ’ ಎಂಬ ಉಪದೇಶ. ತಪ್ಪು ಕಾಯಿಲೆಯವರದಲ್ಲ. ವಿಐಪಿಯಾಗಲಿ ಸಬ್‌ಸ್ಟೆನ್ಸ್ ಪಿಯನ್ನು ತಡೆಯುವ ಗುಳಿಗೆಯಾಗಲಿ ಇನ್ನೂ ಐಬಿಡಿಯ ರೂಢಿಯ ಚಿಕಿತ್ಸೆಯಾಗಿಲ್ಲ. ಆದರೆ ಮೆಸಲಮೈನ್‌ನಿಂದ ಹಿಡಿದು ಟಿಎನ್ಎಫ್ ತಡೆಯುವ ಚುಚ್ಚುಮದ್ದಿನವರೆಗೆ ಬೇರೆ ಔಷಧಗಳಿವೆ. ನಮ್ಮಲ್ಲಿ ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ತಾವೇ ನಿರ್ಧರಿಸುವವರು ಬಹಳ. ಕ್ರೋನ್ಸ್ ಮತ್ತು ಕರುಳಿನ ಕ್ಷಯವನ್ನು ಬೇರ್ಪಡಿಸುವುದು ವೈದ್ಯರಿಗೂ ಸುಲಭವಲ್ಲ. ಹೀಗಾಗಿ ರಕ್ತ, ಭೇದಿ ವಾರಗಟ್ಟಲೆ ನಿಲ್ಲದಿದ್ದರೆ ಮೆಡಿಕಲ್ ಸ್ಟೋರಿನ ಗುಳಿಗೆ ನಂಬಿ ಕೂರದೆ, ಸಂಕೋಚ ಬಿಟ್ಟು ಜೀರ್ಣಾಂಗ ತಜ್ಞರನ್ನು ಕಾಣಿರಿ.