ದಾಸೋಹದಲ್ಲಿ ಲೆಕ್ಕವುಂಟೆ?

ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿಯಾದರೋ ಕೊಡುವವನೇ ದಾಸನು. ಕೊಟ್ಟುದು ತನ್ನದೆಂಬ ಭಾವಕ್ಕೆ ಅಲ್ಲಿ ಎಡೆಯಿಲ್ಲ. ಇದು ಶರಣಧರ್ಮವನ್ನು ಬಲ್ಲವರಿಗೆಲ್ಲ ವಿದಿತವಾದುದೇ.

ಆದರೆ ಸದ್ಭಕ್ತರ ಮನದಲ್ಲಿ ಒಂದು ಸಂಶಯ ಉಳಿಯುತ್ತದೆ. ಧನವು ತನ್ನದಲ್ಲವೆಂದ ಮೇಲೆ ಯಾರಿಗೆ, ಎಷ್ಟು, ಯಾವುದಕ್ಕೆಂದು ಲೆಕ್ಕ ಹಾಕುವುದು ಲೋಭವಲ್ಲವೆ? ಹೀಗೆಣಿಸಿ, ಬೇಡಿದವರಿಗೆಲ್ಲ ಕೊಟ್ಟು ನಿಶ್ಚಿಂತರಾಗುವವರುಂಟು. ಅದು ಔದಾರ್ಯದಂತೆ ತೋರಿದರೂ ಬಹುಮಟ್ಟಿಗೆ ಆಲಸ್ಯವೇ ಸರಿ. ತನ್ನ ಸೊತ್ತನ್ನು ಪೋಲುಮಾಡಿದವನು ತನ್ನ ನಷ್ಟಕ್ಕೆ ತಾನೇ ಹೊಣೆಯಾದಾನು. ಸಮಾಜದ ಸೊತ್ತನ್ನು ಪೋಲುಮಾಡುವ ಅಧಿಕಾರವು ದಾಸನಿಗೆಲ್ಲಿಯದು? ತನ್ನದಲ್ಲವಾದುದರಿಂದಲೇ ಲೆಕ್ಕ ಬೇಕು.

ಆ ಲೆಕ್ಕವು ಗಳಿಕೆಯಿಂದಲೇ ತೊಡಗುತ್ತದೆ. ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆಯ್ದಕ್ಕಿ ಲಕ್ಕಮ್ಮನು ಹೆಚ್ಚಾದುದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಕಳುಹಿದಳಷ್ಟೆ. ದಾಸೋಹಕ್ಕೆಂದೇ ತಂದ ಅಕ್ಕಿಯದು! ಇಂದಿನ ದಾನಶೂರರಲ್ಲಿ ಎಷ್ಟು ಮಂದಿ ಆಕೆಯ ಹೊಸ್ತಿಲನ್ನು ದಾಟಿಯಾರು?

ಇನ್ನು ಎಲ್ಲಿ ಸಲ್ಲಿಸಬೇಕೆಂಬ ಮಾತು. ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ಮರಣಪತ್ರದ ಮೂಲಕ ವಿದ್ಯಾರ್ಥಿಗಳ ಶಿಕ್ಷಣಕ್ಕೆ ಬಿಟ್ಟುಕೊಟ್ಟರು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರಲ್ಲಿ ಅಂತಹ ಸಂಸ್ಥಾನವಿರಲಿಲ್ಲ. ನಿಜಾಮರ ಆಳಿಕೆಯಲ್ಲಿ ಅವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಗಡಿನಾಡಿನ ಮಕ್ಕಳ ಹಸಿವು ಯಾವುದೆಂಬುದನ್ನು ಕಂಡೇ ಅವರು ಉಣಬಡಿಸಿದರು.

ಅದೇ ಸೀಮೆಯ ಎಕಂಬಾದಲ್ಲಿ ಗೃಹಸ್ಥನೊಬ್ಬನು ತೊಗರಿ ಮಾರಿದ ಹಣದಲ್ಲಿ ಒಂದು ಪಾಲನ್ನು ತೆಗೆದಿಟ್ಟನೆನ್ನೋಣ. ಗುಡಿಗೆ ಮತ್ತೊಂದು ಗಂಟೆಯೆ, ಅಥವಾ ಔರಾದಿಗೆ ಓದಲು ಹೋಗುವ ಬಡಹುಡುಗಿಯ ಖರ್ಚೆ? ಗಂಟೆಯ ಮೇಲೆ ಹೆಸರು ಉಳಿದೀತು. ಹುಡುಗಿಯ ಮೇಲೆ ಹೆಸರು ಬರೆಯಲಾಗದು. ಆದರೆ ಆಕೆಗೆ ಬೇಕಾದುದು ಪುಸ್ತಕವೆಂದು ಮನೆಯಲ್ಲಿ ಕುಳಿತೇ ತೀರ್ಮಾನಿಸುವುದೂ ಅಹಂಕಾರವೇ. ಕೊರತೆಯಿರುವುದು ಬಸ್ಸಿನ ಹಣಕ್ಕಾಗಿರಬಹುದು. ಕಳೆ ಕೀಳುವ ದಿನಗಳಲ್ಲಿ ಆಕೆ ಬಿಟ್ಟುಕೊಡುವ ಕೂಲಿಗಾಗಿರಬಹುದು. ಅವನು ಆ ತಾಯಿಯ ಅಂಗಳಕ್ಕೆ ಹೋಗಿ, ಸರಿಸಮನಾಗಿ ಕುಳಿತು ಕೇಳಬೇಕು. ಧಣಿಯಂತೆ ನಿಂತು ಕೇಳಿದರೆ ಆಕೆ ನಿಜವನ್ನು ಹೇಳಲಾರಳು. ಮರುವರ್ಷ ಮತ್ತೊಮ್ಮೆ ಹೋಗಿ, ಹುಡುಗಿಯ ಓದು ನಡೆದಿದೆಯೆ ಎಂದು ತಿಳಿಯಬೇಕು. ನಿಂತಿದ್ದರೆ ಏಕೆ ನಿಂತಿತೆಂದು ವಿಚಾರಿಸಿ, ಕೊಡುವ ಬಗೆಯನ್ನೇ ಬದಲಿಸಬೇಕು.