ಗೃಹಸ್ಥನ ಹಿಂಸೆ, ಬರಾಂಜಿನ ಕಲ್ಲಿದ್ದಲು

ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯಿಂದ ಸಿದ್ಧರಬೆಟ್ಟದ ಕಡೆಗೆ ಹೋಗುವ ದಾರಿಯ ಇಕ್ಕೆಲದ ಅಡಿಕೆ ತೋಟಗಳಲ್ಲಿ, ತ್ರೀಫೇಸ್ ಕರೆಂಟು ಬಂದೊಡನೆಯೇ ಆಟೋ ಸ್ಟಾರ್ಟರುಗಳು ತಾವಾಗಿಯೇ ಮೋಟರುಗಳನ್ನು ಓಡಿಸತೊಡಗುತ್ತವೆ. ತೋಟದ ಒಡೆಯನು ಆ ಹೊತ್ತಿನಲ್ಲಿ ನಿದ್ರೆಯಲ್ಲಿದ್ದರೂ, ಸಂತೆಯಲ್ಲಿದ್ದರೂ, ದೇವರ ಮುಂದೆ ಕುಳಿತಿದ್ದರೂ, ಕೊಳವೆಬಾವಿಯ ನೀರು ನೂರಾರು ಅಡಿಗಳ ಕೆಳಗಿನಿಂದ ಎದ್ದು ಬರುತ್ತದೆ. ಐದು ಎಚ್‌ಪಿಯ ಮೋಟರೊಂದು ಏಳು ಗಂಟೆಗಳ ಕಾಲ ಓಡಿದರೆ ಸುಮಾರು ೨೬ ಯೂನಿಟ್ಟು ವಿದ್ಯುತ್ತು ವ್ಯಯವಾಗುತ್ತದೆ. ಅದಿಷ್ಟೂ ಕಲ್ಲಿದ್ದಲಿನಿಂದಲೇ ಹುಟ್ಟಿದ್ದಾದರೆ, ಯೂನಿಟ್ಟೊಂದಕ್ಕೆ ಮುಕ್ಕಾಲು ಕಿಲೋಗ್ರಾಮಿಗೆ ತುಸು ಕಡಮೆಯಂತೆ, ೧೭ ಕಿಲೋಗ್ರಾಮಿನಷ್ಟು ಕಲ್ಲಿದ್ದಲು ಎಲ್ಲಿಯೋ ಉರಿದಿರಬೇಕು. ಅದರ ಮೂರನೆಯ ಒಂದು ಪಾಲು ಬೂದಿಯಾಗಿ ಎಲ್ಲಿಯೋ ಉಳಿದಿರಬೇಕು. ಜಲಾಶಯಗಳ, ಗಾಳಿಯ, ಬಿಸಿಲಿನ ವಿದ್ಯುತ್ತೂ ನಮ್ಮ ತಂತಿಗಳಲ್ಲಿ ಬೆರೆತು ಬರುವುದರಿಂದ ಈ ಲೆಕ್ಕವನ್ನು ಸಾಕಷ್ಟು ಇಳಿಸಿಕೊಳ್ಳಬಹುದು, ಸೊನ್ನೆಗೆ ಇಳಿಸಲಾಗದು. ೧೦ ಎಚ್‌ಪಿಯವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರವು ರೈತನಿಂದ ಹಣ ಕೇಳುವುದಿಲ್ಲವಾದ್ದರಿಂದ, ಬೆಲೆ ತೆತ್ತವರು ಯಾರೂ ಇಲ್ಲವೆಂಬ ಭಾವನೆ ಅರಿವಿಲ್ಲದಂತೆ ಮನಸ್ಸಿನಲ್ಲಿ ನೆಲೆಯೂರುತ್ತದೆ. ತೆತ್ತವರು ಉಂಟು. ಅವರಿಗೂ ಈ ತೋಟದ ಗೃಹಸ್ಥನಿಗೂ ಧರ್ಮದ ದೃಷ್ಟಿಯಿಂದ ಯಾವ ಸಂಬಂಧ ಎಂಬುದೇ ನನ್ನ ಪ್ರಶ್ನೆ.

ನಮ್ಮ ನೆಲದಲ್ಲಿ ಕಲ್ಲಿದ್ದಲಿಲ್ಲ. ಮಧುಗಿರಿಯ ಏಕಶಿಲೆಯನ್ನೂ ಕೊರಟಗೆರೆ, ಪಾವಗಡಗಳ ಗುಡ್ಡಗಳನ್ನೂ ಕಟ್ಟಿರುವ ಕಣಶಿಲೆಯ ವಯಸ್ಸು ಸುಮಾರು ೨೫೦ ಕೋಟಿ ವರ್ಷ. ಭೂಮಿಯ ಮೇಲೆ ಮರವೆಂಬುದೇ ಹುಟ್ಟದಿದ್ದ ಕಾಲದ ಶಿಲೆಯದು. ಕಲ್ಲಿದ್ದಲಾದರೋ ಮಡಿದ ಅರಣ್ಯಗಳ ಶೇಷ. ಗೋದಾವರಿ, ವರ್ಧಾ ನದಿಗಳ ಕಣಿವೆಗಳಲ್ಲಿ ಅದು ೨೫ ಕೋಟಿ ವರ್ಷಗಳಿಗೂ ಮೇಲ್ಪಟ್ಟು ಹೂತುಕೊಂಡಿದೆ. ಆದ್ದರಿಂದ ರಾಯಚೂರಿನ ಶಕ್ತಿನಗರದಲ್ಲಿ ೧೯೮೫ರಲ್ಲಿ ಮೊದಲ ಘಟಕ ಉರಿಯತೊಡಗಿದಂದಿನಿಂದ ಇಂದಿನವರೆಗೆ ಕನ್ನಡನಾಡು ಸುಟ್ಟ ಕಲ್ಲಿದ್ದಲೆಲ್ಲವೂ ಪರರ ನೆಲದ್ದೇ. ಬಳ್ಳಾರಿಯ ಕುಡುತಿನಿಯಲ್ಲಿರುವ ವಿದ್ಯುತ್ ಸ್ಥಾವರಕ್ಕೆಂದು, ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಭದ್ರಾವತಿ ತಾಲ್ಲೂಕಿನಲ್ಲಿ (ಶಿವಮೊಗ್ಗ ಜಿಲ್ಲೆಯ ಭದ್ರಾವತಿಯಲ್ಲ) ಬರಾಂಜ್ ಎಂಬ ಗ್ರಾಮದ ಸುತ್ತಣ ಕಲ್ಲಿದ್ದಲಿನ ನೆಲವು ಕರ್ನಾಟಕ ವಿದ್ಯುತ್ ನಿಗಮದ ಪಾಲಿಗೆ ಬಂದಿತು. ದೇಶದ ಇನ್ನೂರಕ್ಕೂ ಹೆಚ್ಚು ಕಲ್ಲಿದ್ದಲು ಹಂಚಿಕೆಗಳನ್ನು ಸರ್ವೋಚ್ಚ ನ್ಯಾಯಾಲಯವು ೨೦೧೪ರ ಸೆಪ್ಟೆಂಬರಿನಲ್ಲಿ ರದ್ದುಪಡಿಸಿದಾಗ ಇದೂ ರದ್ದಾಯಿತು. ಮರುವರ್ಷವೇ ನಮ್ಮ ನಿಗಮಕ್ಕೇ ಮತ್ತೆ ದೊರೆಯಿತು. ಅದು ತೆರೆದ ಗಣಿ. ಮೇಲಿನ ಹೊಲವನ್ನು ಮೊದಲು ಎತ್ತಿ ಬೆಟ್ಟದಂತೆ ರಾಶಿಹಾಕಿ, ಆ ಬಳಿಕ ಕೆಳಗಿನ ಪದರವನ್ನು ಸಿಡಿಮದ್ದಿನಿಂದ ಒಡೆದು ತೆಗೆಯುವ ಕ್ರಮ. ತಮಗೆ ಪುನರ್ವಸತಿಯಾಗಬೇಕು, ಭೂಮಿಗೆ ನ್ಯಾಯವಾದ ಪರಿಹಾರ ಬರಬೇಕು, ಮನೆಗೊಂದು ಉದ್ಯೋಗ ಬೇಕು ಎಂದು ಬರಾಂಜಿನ ಜನರು ವರ್ಷಗಳಿಂದ ಧರಣಿ ಕುಳಿತು ಕೇಳುತ್ತಿದ್ದಾರೆ. ಅವರು ಕೇಳುತ್ತಿರುವುದು ಯಾವುದೋ ಪರದೇಶದ ಧಣಿಯನ್ನಲ್ಲ, ನಮ್ಮ ಸರ್ಕಾರದ ಸಂಸ್ಥೆಯನ್ನು.

ಇಂಥ ದೂರದ ಹಿಂಸೆಯನ್ನು ಕುರಿತು ನಮ್ಮ ಶಾಸ್ತ್ರಕಾರರು ಯೋಚಿಸಲಿಲ್ಲವೆಂದು ಹೇಳುವವರುಂಟು. ತಂತಿಯ ವಿಷಯವನ್ನು ಅವರು ಯೋಚಿಸಲಿಲ್ಲ, ನಿಜ. ಆದರೆ ಗೃಹಸ್ಥನ ಹಿಂಸೆಯನ್ನು ಕುರಿತು ಅವರು ಯೋಚಿಸಿದಷ್ಟು ಸೂಕ್ಷ್ಮವಾಗಿ ಬೇರೆ ಯಾರೂ ಯೋಚಿಸಿದ್ದನ್ನು ನಾನು ಕಾಣೆ. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ, ಪ್ರತಿಯೊಬ್ಬ ಗೃಹಸ್ಥನ ಮನೆಯಲ್ಲಿಯೂ ಐದು ವಧಾಸ್ಥಾನಗಳು ಇರುವುದಾಗಿ ಹೇಳಿದೆ: ಒಲೆ, ಬೀಸುವ ಕಲ್ಲು, ಪೊರಕೆ, ಒರಳು ಒನಕೆ, ನೀರಿನ ಕೊಡ. ಇವೇ ಪಂಚಸೂನೆಗಳು. ಆ ಗ್ರಂಥದಲ್ಲಿ ಇಂದಿನ ನಮ್ಮ ವಿವೇಕವು ಒಪ್ಪಲಾರದ ಮಾತುಗಳು ಹೇರಳವಾಗಿವೆ. ಅವುಗಳನ್ನು ನಾನು ಸಮರ್ಥಿಸತಕ್ಕವನಲ್ಲ. ಆದರೆ ಈ ಒಂದು ವಿಚಾರದ ಎದುರಿಗೆ ನಾನು ಪ್ರತಿಸಲವೂ ನಿಂತುಬಿಡುತ್ತೇನೆ. ಇರುವೆಯೊಂದು ಒಲೆಯ ಬಿಸಿಗೆ ಸಾಯುತ್ತದೆ, ಹುಳುವೊಂದು ಕೊಡದ ಅಡಿಗೆ ಸಿಕ್ಕಿ ಸಾಯುತ್ತದೆ. ಕೊಲ್ಲಬೇಕೆಂದು ಯಾರೂ ಬಯಸಿರಲಿಲ್ಲ. ಹೀಗಿದ್ದೂ ಶಾಸ್ತ್ರವು ಗೃಹಸ್ಥನಿಗೆ ‘ನೀನು ಬಯಸಲಿಲ್ಲವಾದ್ದರಿಂದ ನಿರ್ದೋಷಿ’ ಎಂದು ಸಮಾಧಾನ ಹೇಳುವುದಿಲ್ಲ. ‘ಒಲೆಯನ್ನು ಆರಿಸಿ ಕಾಡಿಗೆ ಹೋಗು’ ಎಂದೂ ವಿಧಿಸುವುದಿಲ್ಲ. ದಿನದಿನದ ಹಿಂಸೆಗೆ ದಿನದಿನದ ಸಂದಾಯವನ್ನು ಅದು ನಿಗದಿಪಡಿಸುತ್ತದೆ: ಪಂಚಮಹಾಯಜ್ಞಗಳು. ದೇವತೆಗಳಿಗೆ, ಪಿತೃಗಳಿಗೆ, ಋಷಿಗಳಿಗೆ ಸಲ್ಲುವುದರ ಜೊತೆಗೆ ಭೂತಗಳಿಗೆ, ಎಂದರೆ ಕಾಗೆ ನಾಯಿ ಇರುವೆಗಳಿಗೆ ಒಂದು ಭಾಗ. ಬಾಗಿಲಿಗೆ ಬಂದ ಮನುಷ್ಯನಿಗೆ ಒಂದು ಭಾಗ. ಬದುಕುವುದು ಪಾಪವಲ್ಲ, ಬದುಕಿಗಾಗಿ ಪಡೆದುದನ್ನು ಹಿಂದಿರುಗಿಸದೆ ಬದುಕುವುದು ಪಾಪ. ತನಗಾಗಿ ಮಾತ್ರ ಅಡುಗೆ ಮಾಡಿಕೊಳ್ಳುವವನು ಉಣ್ಣುವುದು ಪಾಪವನ್ನೇ ಎಂಬ ಗೀತೆಯ ಮೂರನೆಯ ಅಧ್ಯಾಯದ ನಿಷ್ಠುರವಾಕ್ಯದ ಹಿಂದೆಯೂ ಇದೇ ದರ್ಶನವಿದೆ.

ಈಗ ತೋವಿನಕೆರೆಯ ಒಂದು ಮನೆಯೊಳಗೆ ಆ ಐದು ಸೂನೆಗಳನ್ನು ಹುಡುಕಿ ನೋಡಬೇಕು. ಒರಳಿನ ಕೆಲಸವನ್ನು ಮಿಕ್ಸಿಯೂ ಗ್ರೈಂಡರೂ ವಹಿಸಿಕೊಂಡಿವೆ. ರಾಗಿ ಬೀಸುವ ಕಲ್ಲು ಹಿತ್ತಿಲಿಗೆ ಹೋಗಿ, ಕರೆಂಟಿನ ಹಿಟ್ಟಿನ ಗಿರಣಿ ಬಂದಿದೆ. ನೀರಿನ ಕೊಡದ ಸ್ಥಾನದಲ್ಲಿ ಕೊಳವೆಬಾವಿಯ ಮೋಟರು. ಒಲೆಯೂ ಹಲವು ಮನೆಗಳಲ್ಲಿ ತಂತಿಗೆ ಕೂಡಿಕೊಂಡಿದೆ. ನಗರಗಳಲ್ಲಿ ಪೊರಕೆಯೂ ಕೂಡಿಕೊಂಡಿದೆ. ಸೂನೆಗಳು ಇಲ್ಲವಾಗಲಿಲ್ಲ, ಅವೆಲ್ಲವೂ ಒಂದೇ ತಂತಿಯನ್ನು ಹಿಡಿದು ಮನೆಯಿಂದ ಹೊರಟು, ನೂರಾರು ಮೈಲಿಗಳಾಚೆ, ನಾವು ಎಂದೂ ಕಾಣದ ಒಂದು ಹಳ್ಳಿಯ ಹೊಲದಲ್ಲಿ ಒಟ್ಟಾಗಿ ನೆಲೆಸಿವೆ. ಹಿಂದೆ ಹಿಂಸೆ ಮಾಡಿದ ಅಂಗಳದಲ್ಲಿಯೇ ಗೃಹಸ್ಥನು ಬಲಿಯನ್ನೂ ಇಡುತ್ತಿದ್ದನು. ಕೊಂದ ಸ್ಥಳವೂ ಕೊಟ್ಟ ಸ್ಥಳವೂ ಒಂದೇ ಆಗಿದ್ದುದರಿಂದ ಮರೆಯುವುದು ಕಷ್ಟವಾಗಿದ್ದಿತು. ಇಂದು ಕಾಗೆಗೆ ಅನ್ನವನ್ನು ಇಲ್ಲಿ ಇಡುತ್ತೇವೆ, ಅನ್ನವನ್ನು ಬೆಳೆಸಿದ ನೀರಿನ ಋಣವು ಬರಾಂಜಿನಲ್ಲಿ ಬೆಳೆಯುತ್ತ ಹೋಗುತ್ತದೆ. ಆಚಾರವು ಉಳಿದಿದೆ, ಅದು ತಲುಪಬೇಕಾದ ವಿಳಾಸ ಬದಲಾಗಿರುವುದನ್ನು ಮಾತ್ರ ನಾವು ಗಮನಿಸಿಲ್ಲ.

ಇಲ್ಲಿ ಒಂದು ಪ್ರಬಲವಾದ ಆಕ್ಷೇಪವು ಎದ್ದೇಳುತ್ತದೆ. ಕರ್ಮವೆಂಬುದು ಸಂಕಲ್ಪದಿಂದಲ್ಲವೆ? ಬೌದ್ಧರು ಚೇತನೆಯನ್ನೇ, ಎಂದರೆ ಸಂಕಲ್ಪವನ್ನೇ, ಕರ್ಮವೆಂದರು. ಅರಿಯದೆ ಮೋಟರು ಓಡಿಸಿದ ರೈತನ ಮೇಲೆ, ಅದೂ ಮಳೆಯನ್ನು ನಂಬಿ ಸೋತವನ ಮೇಲೆ, ಚಂದ್ರಪುರದ ದುಃಖವನ್ನು ಹೊರಿಸುವುದು ಯಾವ ನ್ಯಾಯ? ಆಕ್ಷೇಪವು ಗೌರವಾರ್ಹವಾದದ್ದು. ಆದರೆ ಯೋಗಶಾಸ್ತ್ರವೂ ಜೈನದರ್ಶನವೂ ಹಿಂಸೆಯನ್ನು ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಸಮ್ಮತಿಸಿದ್ದು ಎಂದು ಮೂರಾಗಿ ವಿಂಗಡಿಸಿದುದು ಇಂಥ ಸಂದರ್ಭಕ್ಕಾಗಿಯೇ ಎಂದು ನನಗೆ ತೋರುತ್ತದೆ. ರೈತನು ಮಾಡಿದವನಲ್ಲ, ಪ್ರಾಯಶಃ ಮಾಡಿಸಿದವನೂ ಅಲ್ಲ, ಸಮ್ಮತಿಸಿದವನೆ? ತಿಳಿಯದಿರುವ ತನಕ ಅದೂ ಅಲ್ಲ. ತಿಳಿದ ಮೇಲೆ? ಗಣಿಯೂರಿನ ಹೋರಾಟಗಾರರು ಧರ್ಮದ ಪ್ರಪಂಚದಲ್ಲಿ ಮಾಡುವ ಅತಿ ದೊಡ್ಡ ಕೆಲಸವು ಇಲ್ಲಿಯೇ ಇದೆ. ೨೦೦೯ರಲ್ಲಿ ಅದೇ ಚಂದ್ರಪುರದ ಬಂಡು ಧೋತ್ರೆ ಎಂಬವರು ತಾಡೋಬಾ ಅರಣ್ಯದ ಸಮೀಪದ ಲೋಹಾರಾದಲ್ಲಿ ಗಣಿ ತೆರೆಯಕೂಡದೆಂದು ಉಪವಾಸ ಕುಳಿತರು. ಆ ಗಣಿಯ ಪ್ರಸ್ತಾಪ ನಿಂತಿತು. ೨೦೨೧ರ ಅಕ್ಟೋಬರಿನಲ್ಲಿ ಛತ್ತೀಸಗಢದ ಹಸದೇವ್ ಅರಣ್ಯದ ಆದಿವಾಸಿಗಳು, ತಮ್ಮ ಕಾಡನ್ನು ರಾಜಸ್ಥಾನದ ವಿದ್ಯುತ್ತಿಗಾಗಿ ಅಗೆಯುವುದನ್ನು ವಿರೋಧಿಸಿ ೩೦೦ ಕಿಲೋಮೀಟರು ನಡೆದು ರಾಯಪುರವನ್ನು ಸೇರಿದರು; ಅವರ ಸಂಗಡಿಗರಾದ ಆಲೋಕ್ ಶುಕ್ಲಾ ಅವರಿಗೆ ೨೦೨೪ರಲ್ಲಿ ಗೋಲ್ಡ್‌ಮನ್ ಪರಿಸರ ಪುರಸ್ಕಾರ ಬಂದಾಗ ಲೋಕವೆಲ್ಲ ಆ ಕಾಡಿನ ಹೆಸರನ್ನು ಕೇಳಿತು. ಈ ಹೋರಾಟಗಾರರು ಗಣಿಗಳನ್ನು ಎಷ್ಟರ ಮಟ್ಟಿಗೆ ನಿಲ್ಲಿಸಿದರು ಎಂಬ ಲೆಕ್ಕ ಒಂದು. ಅವರು ಮಾತನಾಡಿದ ಗಳಿಗೆಯಿಂದ ದೂರದ ಗೃಹಸ್ಥನ ಅಜ್ಞಾನವು ಅಜ್ಞಾನವಾಗಿ ಉಳಿಯದೆ ಉಪೇಕ್ಷೆಯಾಯಿತು ಎಂಬುದು ಇನ್ನೊಂದು. ಜಯಪುರದ ಗೃಹಸ್ಥನಿಗೆ ಹಸದೇವ್ ಹೇಗೋ, ಕೊರಟಗೆರೆಯವನಿಗೆ ಬರಾಂಜ್ ಹಾಗೆ.

ನಮ್ಮ ನಾಡಿನಲ್ಲಿಯೂ ಕಲ್ಲಿದ್ದಲನ್ನು ಎದುರಿಸಿದವರಿದ್ದಾರೆ. ಉಡುಪಿಯ ಸಮೀಪದ ನಂದಿಕೂರಿನ ಸ್ಥಾವರವನ್ನು ಊರಿನವರೊಡನೆ ಪೇಜಾವರದ ಶ್ರೀ ವಿಶ್ವೇಶತೀರ್ಥರೂ ವಿರೋಧಿಸಿದರು, ಆದರೂ ಸ್ಥಾವರ ಎದ್ದಿತು. ಮೈಸೂರು ಜಿಲ್ಲೆಯ ಚಾಮಲಾಪುರದಲ್ಲಿ ೨೦೦೭ರ ಸುಮಾರಿಗೆ ಯೋಜಿಸಿದ್ದ ಸ್ಥಾವರವನ್ನು ರೈತರು ಒಗ್ಗಟ್ಟಾಗಿ ಬೇಡವೆಂದರು, ಸರ್ಕಾರವು ಕೈಬಿಟ್ಟಿತು. ಅವರು ಮಾಡಿದ್ದು ಸರಿಯೆಂದೇ ನನ್ನ ದೃಢವಾದ ಅಭಿಪ್ರಾಯ. ಆದರೆ ಬೂದಿಯನ್ನು ನಿರಾಕರಿಸಿದ ನಾವು ಬೆಳಕನ್ನು ನಿರಾಕರಿಸಲಿಲ್ಲ. ಚಾಮಲಾಪುರದಲ್ಲಿ ಉರಿಯದ ಕಲ್ಲಿದ್ದಲು ರಾಯಚೂರಿನಲ್ಲಿಯೋ ಬಳ್ಳಾರಿಯಲ್ಲಿಯೋ ಉರಿಯಿತು. ತಮ್ಮ ಊರನ್ನು ಉಳಿಸಿಕೊಂಡವರ ಹೋರಾಟಕ್ಕೆ ಎರಡನೆಯ ಅರ್ಧವೊಂದು ಉಂಟು, ಅದು ಇನ್ನೂ ನಡೆದಿಲ್ಲ.

ಬಿಸಿಲಿನಿಂದ ವಿದ್ಯುತ್ತು ತೆಗೆಯಬಹುದಲ್ಲ ಎಂದು ಕೇಳುವವರಿಗೆ ನಮ್ಮ ಜಿಲ್ಲೆಯ ಪಾವಗಡವೇ ಉತ್ತರ. ತಿರುಮಣಿಯ ಸುತ್ತಣ ೧೩,೦೦೦ ಎಕರೆಗಳಲ್ಲಿ ೨,೦೫೦ ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವು ಎದ್ದಿದೆ. ಭೂಮಿಯನ್ನು ಕಿತ್ತುಕೊಳ್ಳದೆ, ರೈತನ ಒಡೆತನವನ್ನು ಉಳಿಸಿ, ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಿಂದ ಆರಂಭಿಸಿ ಎರಡು ವರ್ಷಕ್ಕೊಮ್ಮೆ ಶೇಕಡ ೫ರಷ್ಟು ಏರುವ ಗುತ್ತಿಗೆ ಕೊಡುವ ಏರ್ಪಾಡು. ಗಣಿಗೆ ಹೋಲಿಸಿದರೆ ಇದು ಎಷ್ಟೋ ಸೌಮ್ಯವಾದ ಮಾರ್ಗ. ಇದನ್ನು ನಾನು ಹೃದಯಪೂರ್ವಕವಾಗಿ ಸ್ವಾಗತಿಸುತ್ತೇನೆ. ಆದರೂ ಸ್ವಂತ ಭೂಮಿಯಿಲ್ಲದೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೂ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದವರಿಗೂ ಗುತ್ತಿಗೆಯ ಹಣ ಬರಲಿಲ್ಲ. ಸೂರ್ಯನಿಗೂ ಸೂನೆಯುಂಟು. ಹಿಂಸೆಯಿಲ್ಲದ ಒಲೆಯನ್ನು ಶಾಸ್ತ್ರವು ಎಂದೂ ಆಶ್ವಾಸನೆ ಕೊಟ್ಟಿರಲಿಲ್ಲ. ಕಡಮೆ ಹಿಂಸೆಯ ಒಲೆಯನ್ನು ಆರಿಸಿಕೊಂಡ ಬಳಿಕವೂ ಸಂದಾಯದ ಹೊಣೆ ಉಳಿಯುತ್ತದೆ.

ಸಂದಾಯವೆಂದರೆ ಏನು? ಮರುಕವಲ್ಲ, ಮರುಕವು ಹೊರಗಿನವನದು, ಋಣವು ಒಳಗಿನವನದು. ದೇವರ ಹುಂಡಿಗೆ ಹಾಕಿದ ಕಾಣಿಕೆಯೂ ಅಲ್ಲ, ಏಕೆಂದರೆ ಭೂತಯಜ್ಞದ ಭಾಗವನ್ನು ದೇವಯಜ್ಞದಲ್ಲಿ ತೀರಿಸಿಕೊಳ್ಳಲು ಆ ಧರ್ಮವೇ ಅವಕಾಶ ಕೊಟ್ಟಿಲ್ಲ. ಯಾರ ಪಾಲೋ ಅವರಿಗೇ ಸಲ್ಲಬೇಕು. ಅಗತ್ಯಕ್ಕೆ ಮೀರಿ ಮೋಟರನ್ನು ಓಡಿಸದಿರುವುದು, ಹನಿ ನೀರಾವರಿಗೆ ಬರುವುದು, ಇವು ಮೊದಲ ಹೆಜ್ಜೆಗಳು; ಹಿಂಸೆಯನ್ನು ಇವು ಇಳಿಸುತ್ತವೆ, ಆಗಿಹೋದುದನ್ನು ತೀರಿಸುವುದಿಲ್ಲ. ತೀರಿಸತಕ್ಕದ್ದು ಬರಾಂಜಿನಲ್ಲಿ: ಕಟ್ಟಿಕೊಟ್ಟ ಮನೆ, ಸಂದ ಪರಿಹಾರ, ಅಗೆದ ಹೊಂಡವನ್ನು ಮುಚ್ಚಿ ನೆಲವನ್ನು ಮತ್ತೆ ನೆಲವಾಗಿಸುವ ಕೆಲಸ. ಇದನ್ನು ತೋವಿನಕೆರೆಯ ಗೃಹಸ್ಥನು ಕೈಯಾರೆ ಮಾಡಲಾರನೆಂಬುದು ನಿಜ. ಆದರೆ ಗಣಿಯ ಒಡೆತನವು ಕರ್ನಾಟಕ ಸರ್ಕಾರದ ನಿಗಮದ್ದು. ಆ ಸರ್ಕಾರವು ವಿಧಾನಸೌಧದಲ್ಲಿ ಉತ್ತರ ಕೊಡಬೇಕಾದದ್ದು ಈ ಗೃಹಸ್ಥನು ಆರಿಸಿ ಕಳುಹಿಸಿದ ಪ್ರತಿನಿಧಿಗೆ. ಚುನಾವಣೆ ಬಂದಾಗ ರಸ್ತೆ, ಕೆರೆಗೆ ನೀರು, ತ್ರೀಫೇಸ್ ಕರೆಂಟಿನ ಗಂಟೆಗಳು ಇವನ್ನೆಲ್ಲ ಕೇಳುವ ನಮ್ಮ ಕೊರಟಗೆರೆ, ಮಧುಗಿರಿಗಳ ಮತದಾರರು, ಆ ಕರೆಂಟಿನ ಮಾತಿನ ಬೆನ್ನಿಗೇ ಬರಾಂಜಿನವರಿಗೆ ಕೊಡಬೇಕಾದುದನ್ನು ಕೊಟ್ಟಾಯಿತೆ ಎಂದು ಕೇಳಲು ಅಡ್ಡಿಯೇನೂ ಇಲ್ಲ. ಹಾಗೆ ಕೇಳಿದ ಮೊದಲ ಗ್ರಾಮಸಭೆ ನಮ್ಮದಾಗಲೆಂದು ನಾನು ಬಯಸುತ್ತೇನೆ.